ನೆಲದ ಅರಿವಿಗೆ ವಾರಸುದಾರರಿದ್ದಾರೆ: ಆಸ್ಟ್ರೇಲಿಯಾದ ಮೂಲನಿವಾಸಿಗಳಿಂದ ಕಲಿಯುವ ರೀತಿ

2020ರ ನವೆಂಬರ್ 27ರಂದು ಸಿಡ್ನಿಯಲ್ಲಿ ಭಾರತ–ಆಸ್ಟ್ರೇಲಿಯಾ ಏಕದಿನ ಪಂದ್ಯಕ್ಕೆ ಮುನ್ನ ಎರಡೂ ತಂಡಗಳ ಆಟಗಾರರು ಮೈದಾನದಲ್ಲಿ ಬರಿಗಾಲಲ್ಲಿ ವೃತ್ತವಾಗಿ ನಿಂತರು. ನಮ್ಮ ಕೆ.ಎಲ್. ರಾಹುಲ್, ಮಯಾಂಕ್ ಅಗರ್ವಾಲ್ ಅಂದು ಆಡಿದವರು. ಸಿಡ್ನಿ ಮೈದಾನ ಇರುವುದು ಗಾಡಿಗಲ್ ಎಂಬ ಮೂಲನಿವಾಸಿ ಜನರ ನೆಲದ ಮೇಲೆ. ಆ ನೆಲಕ್ಕೂ ಅದರ ಜನರಿಗೂ ಗೌರವ ಸಲ್ಲಿಸುವ ಕ್ರಮ ಅದು. ಟಿವಿಯಲ್ಲಿ ನೋಡಿದ ನಮ್ಮಲ್ಲಿ ಹೆಚ್ಚಿನವರಿಗೆ ಅದರ ಹಿನ್ನೆಲೆ ಗೊತ್ತಿರಲಿಲ್ಲ.

ಈಗ ಗೊತ್ತಿರಬೇಕಾದ ಕಾಲ ಬಂದಿದೆ. ಓದಿಗೆ, ಕೆಲಸಕ್ಕೆ ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಿದ ಕನ್ನಡದ ಮನೆಗಳು ಬೇಕಾದಷ್ಟಿವೆ. ಅಲ್ಲಿನ ಶಾಲೆಗೆ ಹೋಗುವ ಮಕ್ಕಳು ‘ಈ ನೆಲದ ಪಾರಂಪರಿಕ ಒಡೆಯರನ್ನು ನೆನೆಯುತ್ತೇವೆ’ ಎಂಬ ಮಾತನ್ನು ಸಭೆಗಳಲ್ಲಿ ಮತ್ತೆ ಮತ್ತೆ ಕೇಳುತ್ತಾರೆ. ಶಾಲೆಯ ಪ್ರಾಜೆಕ್ಟಿಗೆಂದು ಮೂಲನಿವಾಸಿಗಳ ಕಥೆ, ಚಿತ್ರ, ಗಿಡಮೂಲಿಕೆಗಳ ಬಗ್ಗೆ ಹುಡುಕುತ್ತಾರೆ. ಪ್ರವಾಸಕ್ಕೆ ಹೋದವರು ವಿಡಿಯೊ ಮಾಡಿ ಹಂಚುತ್ತಾರೆ. ಕಲಿಯುವ ಆಸೆ ಒಳ್ಳೆಯದೇ. ಆದರೆ ಆಸ್ಟ್ರೇಲಿಯಾದ ಮೂಲನಿವಾಸಿಗಳ ಜ್ಞಾನಕ್ಕೆ ಒಂದು ಕಟ್ಟುಪಾಡಿದೆ: ಯಾವುದನ್ನು ಯಾರು, ಯಾರಿಗೆ, ಎಲ್ಲಿ ಹೇಳಬಹುದು ಎಂಬುದು ಅಲ್ಲಿ ಮೊದಲೇ ನಿಶ್ಚಯವಾಗಿರುತ್ತದೆ. ಅದು ತಿಳಿಯದೆ ಕಲಿಯಲು ಹೊರಟರೆ ಗೌರವ ತೋರಿಸಲು ಹೋಗಿ ನೋವು ಕೊಟ್ಟು ಬರುವುದಾಗುತ್ತದೆ.

ಇವರು ಯಾರು?

‘ಆಸ್ಟ್ರೇಲಿಯಾದ ಮೂಲನಿವಾಸಿಗಳು’ ಎಂಬ ಒಂದೇ ಜನಾಂಗ ಇಲ್ಲ. 1788ರಲ್ಲಿ ಬ್ರಿಟಿಷರು ಸಿಡ್ನಿಯಲ್ಲಿ ಬಂದಿಳಿದಾಗ ಆ ಭೂಖಂಡದಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು. ಪ್ರತಿ ಭಾಷೆಯ ಜನರಿಗೂ ತಮ್ಮದೇ ನೆಲ, ತಮ್ಮದೇ ಕಟ್ಟಳೆ. ಸಿಡ್ನಿಯ ನಡುಭಾಗದವರು ಗಾಡಿಗಲ್, ಮೆಲ್ಬರ್ನ್ ಸುತ್ತಿನವರಲ್ಲಿ ವುರುಂಜೆರಿ, ಪರ್ತ್ ಕಡೆಯವರು ನೂಂಗಾರ್, ನಡುನಾಡಿನ ಉಲುರು ಬಂಡೆಯ ಸುತ್ತಿನವರು ಅನಂಗು. ಈಶಾನ್ಯದ ತುದಿಯಲ್ಲಿರುವ ಟೊರೆಸ್ ಜಲಸಂಧಿಯ ದ್ವೀಪಗಳ ಜನರದು ಬೇರೆಯೇ ಸಂಸ್ಕೃತಿ. 2021ರ ಜನಗಣತಿಯಲ್ಲಿ 8,12,728 ಮಂದಿ ತಮ್ಮನ್ನು ಮೂಲನಿವಾಸಿ ಅಥವಾ ಟೊರೆಸ್ ದ್ವೀಪವಾಸಿ ಎಂದು ಗುರುತಿಸಿಕೊಂಡರು. ದೇಶದ ಜನಸಂಖ್ಯೆಯಲ್ಲಿ ಇದು ಶೇ 3.2. ಅವರಲ್ಲಿ ಬಹಳಷ್ಟು ಜನ ನಗರಗಳಲ್ಲೇ ಇದ್ದಾರೆ. ಆದ್ದರಿಂದ ಇವರ ಬಗ್ಗೆ ‘ಹೀಗೆ ಬದುಕುತ್ತಿದ್ದರು’ ಎಂದು ಭೂತಕಾಲದಲ್ಲಿ ಬರೆಯುವುದು ತಪ್ಪು.

ಉತ್ತರದ ಮಜೆಡ್‌ಬೆಬೆ ಎಂಬ ಕಲ್ಲಾಸರೆಯಲ್ಲಿ ಮನುಷ್ಯರಿದ್ದ ಕುರುಹು ಸುಮಾರು 65,000 ವರ್ಷ ಹಳೆಯದು ಎಂಬ ಅಂದಾಜು 2017ರಲ್ಲಿ ಪ್ರಕಟವಾಯಿತು. ಇದನ್ನು ಒಪ್ಪದವರೂ 50,000 ವರ್ಷದ ಆಸುಪಾಸಿನ ಲೆಕ್ಕವನ್ನು ಒಪ್ಪುತ್ತಾರೆ. ಇಷ್ಟಾದರೂ ಬ್ರಿಟಿಷ್ ಕಾನೂನು ಈ ಭೂಖಂಡವನ್ನು ‘ಯಾರಿಗೂ ಸೇರದ ನೆಲ’ ಎಂದೇ ಎಣಿಸಿತು. ಟೊರೆಸ್ ಜಲಸಂಧಿಯ ಮರ್ ದ್ವೀಪದ ಎಡ್ಡಿ ಮಾಬೊ ಮತ್ತು ಸಂಗಡಿಗರು ಹೂಡಿದ್ದ ದಾವೆಯಲ್ಲಿ 1992ರ ಜೂನ್ 3ರಂದು ಆಸ್ಟ್ರೇಲಿಯಾದ ಹೈಕೋರ್ಟ್ (ಆ ದೇಶದ ಅತ್ಯುನ್ನತ ನ್ಯಾಯಾಲಯ) ಆ ಕಲ್ಪನೆಯನ್ನು ತಳ್ಳಿಹಾಕಿತು. ಮರುವರ್ಷವೇ ಮೂಲನಿವಾಸಿಗಳ ಭೂಹಕ್ಕಿನ ಕಾಯಿದೆ ಬಂತು.

‘ಕಂಟ್ರಿ’ ಎಂದರೆ

ಮೂಲನಿವಾಸಿಗಳು ಇಂಗ್ಲಿಷಿನಲ್ಲಿ ಮಾತಾಡುವಾಗ ತಮ್ಮ ನೆಲವನ್ನು ‘ಕಂಟ್ರಿ’ ಎನ್ನುತ್ತಾರೆ. ಮಣ್ಣು, ನೀರು, ಗಾಳಿ, ನಕ್ಷತ್ರ, ಪ್ರಾಣಿ, ಗಿಡ, ಸತ್ತ ಹಿರಿಯರು, ಇನ್ನು ಹುಟ್ಟಬೇಕಾದವರು, ಆ ಜಾಗದ ಕಥೆ, ಹಾಡು, ಎಲ್ಲವೂ ಅದರೊಳಗೆ ಬಂತು. ನೆಲ ನನಗೆ ಸೇರಿದ್ದು ಎನ್ನುವುದಕ್ಕಿಂತ ನಾನು ನೆಲಕ್ಕೆ ಸೇರಿದವನು, ಅದನ್ನು ನೋಡಿಕೊಳ್ಳುವ ಹೊಣೆ ನನ್ನದು ಎಂಬ ಭಾವ ಮುಂದಾಗಿರುತ್ತದೆ. ಯಾರಿಗೆ ಯಾವ ಜಾಗದ ಹೊಣೆ ಎಂಬುದು ತಂದೆಯ ಕಡೆ, ತಾಯಿಯ ಕಡೆ, ಹುಟ್ಟಿದ ಸ್ಥಳ ಹೀಗೆ ಹಲವು ನಂಟುಗಳಿಂದ ನಿರ್ಧಾರವಾಗುತ್ತದೆ.

ಈ ಹೊಣೆಯ ಕಟ್ಟಳೆಗೆ ಅನಂಗು ಜನ ಜುಕುರ್ಪ ಎನ್ನುತ್ತಾರೆ. ಪೂರ್ವಜ ಜೀವಿಗಳು ಓಡಾಡಿ ಬೆಟ್ಟ, ಹಳ್ಳ, ನೀರಿನ ಹೊಂಡಗಳನ್ನು ರೂಪಿಸಿದ ಕಥೆಯೂ ಅದರಲ್ಲಿದೆ, ಹೇಗೆ ಬಾಳಬೇಕು ಎಂಬ ಕಾನೂನೂ ಅದರಲ್ಲಿದೆ. ಬೇರೆ ಜನರಲ್ಲಿ ಇದಕ್ಕೆ ಬೇರೆ ಹೆಸರುಗಳಿವೆ. ಹೊರಗಿನವರು ಎಲ್ಲಕ್ಕೂ ಒಟ್ಟಾಗಿ ‘ಡ್ರೀಮಿಂಗ್’ ಎಂದರು. ಅದನ್ನು ಕೇಳಿ ಕನಸಿನ ಕಥೆ, ಅಡುಗೂಲಜ್ಜಿ ಕಥೆ ಎಂದುಕೊಂಡವರು ಅನೇಕರು. ಅನಂಗು ಜನರಿಗೆ ಅದು ಇಂದಿಗೂ ಜಾರಿಯಲ್ಲಿರುವ ಕಾನೂನು.

ಆರು ಋತುಗಳ ಕಾಕಡು

ಈ ಅರಿವು ಕೆಲಸ ಮಾಡುವುದು ಹೇಗೆ ಎಂದು ನೋಡಲು ಉತ್ತರದ ಕಾಕಡು ರಾಷ್ಟ್ರೀಯ ಉದ್ಯಾನಕ್ಕೆ ಹೋಗೋಣ. ಹೊರಗಿನವರ ಲೆಕ್ಕದಲ್ಲಿ ಅಲ್ಲಿರುವುದು ಎರಡೇ ಕಾಲ, ಮಳೆಗಾಲ ಮತ್ತು ಒಣಗಾಲ. ಅಲ್ಲಿನ ಬಿನಿಂಜ್ ಜನರಿಗೆ ಆರು ಋತುಗಳು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಗುಜೆವ್ಗ್, ಸುರಿಮಳೆಯ ಕಾಲ. ಈಟಿಹುಲ್ಲು ಎರಡು ಮೀಟರಿಗೂ ಎತ್ತರ ಬೆಳೆಯುತ್ತದೆ, ಹೆಬ್ಬಾತುಗಳು ಮೊಟ್ಟೆಯಿಡುತ್ತವೆ. ಏಪ್ರಿಲ್ ಹೊತ್ತಿಗೆ ಬಂಗೆರೆಂಗ್. ಮಳೆ ಹಿಂದೆ ಸರಿಯುವಾಗ ಎದ್ದ ಬಿರುಗಾಳಿ ಆ ಹುಲ್ಲನ್ನೆಲ್ಲ ನೆಲಕ್ಕೆ ಮಲಗಿಸುತ್ತದೆ. ಮೇ ತಿಂಗಳಿಂದ ಯೆಗ್ಗೆ: ಬೆಳಗಿನ ಮಂಜು, ಕೆರೆಗಳ ತುಂಬ ನೈದಿಲೆ. ‘ವುಲ್ಲಿಬಟ್’ ಎಂಬ ನೀಲಗಿರಿ ಜಾತಿಯ ಮರ ಹೂ ಬಿಟ್ಟಿತೆಂದರೆ ಕಾಡಿಗೆ ಸಣ್ಣ ಬೆಂಕಿ ಹಾಕುವ ಹೊತ್ತು ಬಂತೆಂದು ಅರ್ಥ. ಜೂನ್ ನಡುವಿನಿಂದ ಚಳಿಯ ವುರ್ಗೆಂಗ್, ಆಗಸ್ಟ್ ನಡುವಿನಿಂದ ಬಿರುಬಿಸಿಲಿನ ಗುರುಂಗ್. ಅಕ್ಟೋಬರ್ ನಡುವಿನಿಂದ ಗುಡುಗು ಕಟ್ಟುವ ಗುನುಮೆಲೆಂಗ್, ಅದಾದ ಮೇಲೆ ಮತ್ತೆ ಸುರಿಮಳೆ.

ನಮ್ಮ ರೈತರ ಮಳೆ ನಕ್ಷತ್ರಗಳನ್ನು ಬಲ್ಲವರಿಗೆ ಇದು ಬೇಗ ಹಿಡಿಸುತ್ತದೆ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎನ್ನುವಾಗ ಹವೆ, ಬೆಳೆ, ಕೆಲಸ ಮೂರೂ ಒಂದೇ ಮಾತಿನಲ್ಲಿ ಅಡಕವಾಗಿರುತ್ತವಲ್ಲ, ಇದೂ ಹಾಗೆಯೇ. ಒಂದು ವ್ಯತ್ಯಾಸ ಮಾತ್ರ ಇದೆ. ನಮ್ಮ ಮಳೆ ನಕ್ಷತ್ರ ಪಂಚಾಂಗದ ದಿನಕ್ಕೆ ಕೂಡುತ್ತದೆ. ಕಾಕಡುವಿನ ಋತು ಕೂಡುವುದು ಹೂವು, ಗಾಳಿ, ಹಕ್ಕಿಗಳ ಸೂಚನೆಯಿಂದ. ಮೇಲೆ ಕೊಟ್ಟ ತಿಂಗಳುಗಳೆಲ್ಲ ಹೊರಗಿನವರ ಅನುಕೂಲಕ್ಕೆ. ಇನ್ನೊಂದು ಮಾತನ್ನೂ ನೆನಪಿಡಬೇಕು: ಈ ಋತುಚಕ್ರ ಕಾಕಡುವಿನದು ಮಾತ್ರ. ಪರ್ತ್ ಕಡೆಯ ನೂಂಗಾರ್ ಜನರಿಗೂ ಆರು ಋತುಗಳಿವೆ, ಅವುಗಳ ಹೆಸರು ಬೇರೆ, ಗುರುತು ಬೇರೆ. ‘ಮೂಲನಿವಾಸಿಗಳ ಪಂಚಾಂಗ’ ಎಂದು ಒಂದೇ ತಲೆಬರಹದಲ್ಲಿ ಹಂಚಿದರೆ ಎರಡೂ ಕೆಡುತ್ತವೆ.

ತಣ್ಣನೆ ಬೆಂಕಿ

2019–20ರ ಬೇಸಿಗೆಯ ಕಾಳ್ಗಿಚ್ಚು ಆಸ್ಟ್ರೇಲಿಯಾದಲ್ಲಿ 2.4 ಕೋಟಿ ಹೆಕ್ಟೇರ್‌ಗೂ ಹೆಚ್ಚು ನೆಲವನ್ನು ಸುಟ್ಟಿತು. 33 ಜನ ಪ್ರಾಣ ಕಳೆದುಕೊಂಡರು. ಅದಾದ ಮೇಲೆ ನೇಮಕವಾದ ರಾಯಲ್ ಕಮಿಷನ್ ಎಂಬ ಉನ್ನತ ತನಿಖಾ ಆಯೋಗ ತನ್ನ ವರದಿಯಲ್ಲಿ ಮೂಲನಿವಾಸಿಗಳ ಬೆಂಕಿ ನಿರ್ವಹಣೆಗೆಂದೇ ಒಂದು ಅಧ್ಯಾಯ ಮೀಸಲಿಟ್ಟಿತು. ಅದುವರೆಗೆ ಕಿವಿಗೊಡದಿದ್ದವರೂ ಕೇಳತೊಡಗಿದರು.

ಈ ಪದ್ಧತಿಯಲ್ಲಿ ನೆಲದಲ್ಲಿ ಇನ್ನೂ ಪಸೆ ಇರುವಾಗಲೇ ಅಲ್ಲಲ್ಲಿ ಚುಕ್ಕಿ ಇಟ್ಟಂತೆ ಬೆಂಕಿ ಹಚ್ಚುತ್ತಾರೆ. ಅದು ಒಂದು ಬಿಂದುವಿನಿಂದ ಸುತ್ತಲೂ ನಿಧಾನವಾಗಿ ಹರಡುತ್ತದೆ. ಜ್ವಾಲೆ ಮೊಣಕಾಲೆತ್ತರ ಮೀರುವುದು ಕಡಿಮೆ. ಪಕ್ಕದಲ್ಲೇ ನಡೆದುಕೊಂಡು ಹೋಗಬಹುದು. ಇರುವೆ, ಜೇಡಗಳು ಮರದ ಕಾಂಡ ಹತ್ತಿ ಪಾರಾಗುತ್ತವೆ, ಓತಿಕೇತ ಸರಿದುಹೋಗುತ್ತದೆ. ಒಣಹುಲ್ಲು, ತರಗು ಉರಿದುಹೋಗುತ್ತವೆ, ಮರದ ನೆತ್ತಿಗೆ ಶಾಖ ತಾಗುವುದಿಲ್ಲ. ರಾತ್ರಿಯ ಇಬ್ಬನಿಗೆ ಬೆಂಕಿ ತಾನಾಗಿ ಆರುತ್ತದೆ. ಸುಟ್ಟ ಜಾಗ, ಸುಡದ ಜಾಗ ಚೌಕಾಬಾರದ ಮನೆಗಳಂತೆ ಬೆರೆತಿರುವುದರಿಂದ ಬಿರುಬೇಸಿಗೆಯಲ್ಲಿ ಕಿಚ್ಚು ಎದ್ದರೂ ಮುಂದೆ ಓಡಲು ಅದಕ್ಕೆ ಮೇವಿರುವುದಿಲ್ಲ.

ಕಾಕಡುವಿನ ಪಕ್ಕದ ಪಶ್ಚಿಮ ಆರ್ನ್‌ಹೆಮ್ ಲ್ಯಾಂಡಿನಲ್ಲಿ ಸುಮಾರು 28,000 ಚದರ ಕಿಲೋಮೀಟರ್ ನೆಲದಲ್ಲಿ ಇದು 2006ರಿಂದ ದೊಡ್ಡ ಯೋಜನೆಯಾಗಿ ನಡೆಯುತ್ತಿದೆ. ಮೂಲನಿವಾಸಿ ರೇಂಜರ್‌ಗಳು ಒಣಗಾಲದ ಆರಂಭದಲ್ಲೇ ಸಣ್ಣ ಬೆಂಕಿ ಹಾಕಿ, ಕೊನೆಯಲ್ಲಿ ಏಳುತ್ತಿದ್ದ ದೊಡ್ಡ ಕಿಚ್ಚನ್ನು ತಗ್ಗಿಸುತ್ತಾರೆ. ಅದರಿಂದ ಹೊಗೆಯ ಮೂಲಕ ವಾತಾವರಣ ಸೇರುವ ಅನಿಲಗಳು ಎಷ್ಟು ಕಡಿಮೆಯಾದವು ಎಂದು ವಿಜ್ಞಾನಿಗಳು ಅಳೆಯುತ್ತಾರೆ. ಆ ಉಳಿತಾಯಕ್ಕೆ ಹಣ ಬರುತ್ತದೆ, ರೇಂಜರ್‌ಗಳಿಗೆ ತಮ್ಮ ನೆಲದಲ್ಲೇ ಕೆಲಸ ಸಿಗುತ್ತದೆ. ಹಿರಿಯರ ಅರಿವು ಮತ್ತು ಉಪಗ್ರಹ ಚಿತ್ರ ಎರಡೂ ಇಲ್ಲಿ ಒಂದೇ ಕೆಲಸಕ್ಕೆ ಬರುತ್ತವೆ.

ಕರ್ನಾಟಕಕ್ಕೂ ಈ ವಿಷಯ ಹೊಸದಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆಯ ಮೊದಲಿಗೇ ‘ತರಗು ಬೆಂಕಿ’ ಹಾಕುತ್ತಿದ್ದರು. 1970ರ ದಶಕದಲ್ಲಿ ಅಭಯಾರಣ್ಯವಾದ ಮೇಲೆ ಅದು ನಿಂತಿತು. ಲಾಂಟಾನ ಪೊದೆಯೂ ನೆಲ್ಲಿ ಮರದ ಮೇಲಿನ ಬಂದಳಿಕೆಯೂ ಮಿತಿಮೀರಿದ್ದು ಆ ಬಳಿಕವೇ ಎಂಬುದು ಸೋಲಿಗರು ಹೇಳುವ ಮಾತು.

ಬೆಂಕಿಯ ಪಾಠದಲ್ಲಿ ಒಂದು ಎಚ್ಚರ ಅಡಗಿದೆ. ವಿಡಿಯೊ ನೋಡಿ ಯಾರೋ ತಮ್ಮ ಹಿತ್ತಲಿಗೆ ಬೆಂಕಿ ಹಚ್ಚಿದರೆ ಅದು ಈ ಪದ್ಧತಿಯಾಗುವುದಿಲ್ಲ. ಯಾವ ಮಣ್ಣು, ಯಾವ ಮರ, ಯಾವ ಗಾಳಿ ಎಂಬುದನ್ನು ಆ ಜಾಗದಲ್ಲೇ ಹಿರಿಯರ ಜೊತೆ ವರ್ಷಗಟ್ಟಲೆ ನಡೆದು ಕಲಿತವರಿಗೆ, ಆ ನೆಲದ ಹಕ್ಕುಳ್ಳವರಿಗೆ ಮಾತ್ರ ಹಚ್ಚುವ ಅಧಿಕಾರ. ಅರಿವನ್ನು ನೆಲದಿಂದಲೂ ಜನರಿಂದಲೂ ಬಿಡಿಸಿ ತಂದರೆ ಉಳಿಯುವುದು ಬೆಂಕಿಕಡ್ಡಿ ಮಾತ್ರ.

ಎಲ್ಲವೂ ಎಲ್ಲರಿಗಲ್ಲ

ಜ್ಞಾನ ಎಲ್ಲರ ಸ್ವತ್ತು, ಹಂಚಿದಷ್ಟೂ ಒಳ್ಳೆಯದು ಎಂದು ನಂಬಿ ಬೆಳೆದವರಿಗೆ ಮುಂದಿನ ವಿಷಯ ಒಪ್ಪಿಕೊಳ್ಳುವುದು ಸ್ವಲ್ಪ ಕಷ್ಟ. ಮೂಲನಿವಾಸಿಗಳಲ್ಲಿ ಕೆಲವು ವಿಷಯ ಗಂಡಸರಿಗೆ ಮಾತ್ರ, ಕೆಲವು ಹೆಂಗಸರಿಗೆ ಮಾತ್ರ, ಕೆಲವು ದೀಕ್ಷೆ ಪಡೆದವರಿಗೆ ಮಾತ್ರ. ಉಲುರುವಿನಲ್ಲಿ ಪ್ರವಾಸಿಗರಿಗೆ ಹೇಳುವ ಕಥೆಗಳು ಅನಂಗು ಮಕ್ಕಳಿಗೆ ಹೇಳುವ ಮಟ್ಟದವು. ವಯಸ್ಸು, ಹೊಣೆ, ಯೋಗ್ಯತೆ ಹೆಚ್ಚಿದಂತೆ ಮುಂದಿನದು ತೆರೆದುಕೊಳ್ಳುತ್ತದೆ. ಬಂಡೆಯ ಕೆಲವು ಭಾಗಗಳಲ್ಲಿ ಫೋಟೊ ತೆಗೆಯಬಾರದೆಂಬ ಫಲಕಗಳಿವೆ. ಅಲ್ಲಿನ ಬಿರುಕು, ಉಬ್ಬುಗಳು ಅನಂಗು ಜನರಿಗೆ ಪವಿತ್ರ ಗ್ರಂಥವಿದ್ದಂತೆ. ಅವನ್ನು ಆ ಸ್ಥಳದಲ್ಲೇ, ನೋಡಬೇಕಾದವರೇ ನೋಡಬೇಕು.

1985ರ ಅಕ್ಟೋಬರ್ 26ರಂದು ಉಲುರು ಅನಂಗು ಜನರ ಕೈಗೆ ಮರಳಿತು. ಅವರು ಅದನ್ನು ರಾಷ್ಟ್ರೀಯ ಉದ್ಯಾನವಾಗಿ ನಡೆಸಲು 99 ವರ್ಷದ ಗುತ್ತಿಗೆಗೆ ಸರ್ಕಾರಕ್ಕೇ ಕೊಟ್ಟರು. ದಯವಿಟ್ಟು ಬಂಡೆ ಹತ್ತಬೇಡಿ ಎಂದು ವರ್ಷಗಟ್ಟಲೆ ಕೇಳಿಕೊಂಡರು. ಹತ್ತುವ ದಾರಿ ಅವರ ಪೂರ್ವಜರ ಪವಿತ್ರ ದಾರಿ. ಜೊತೆಗೆ, ತಮ್ಮ ನೆಲಕ್ಕೆ ಬಂದವರು ಬಿದ್ದು ಸತ್ತರೆ ಆ ಹೊಣೆ ತಮ್ಮದೆಂದು ಅವರು ನೊಂದುಕೊಳ್ಳುತ್ತಾರೆ. 2019ರ ಅಕ್ಟೋಬರ್ 26ರಂದು ಹತ್ತುವುದನ್ನು ಶಾಶ್ವತವಾಗಿ ನಿಲ್ಲಿಸಲಾಯಿತು. ಅದಕ್ಕೆ ಮುಂಚಿನ ವಾರಗಳಲ್ಲಿ ಕೊನೆಯ ಅವಕಾಶವೆಂದು ಹತ್ತಲು ಬಂದವರ ಸಾಲು ದೊಡ್ಡದಿತ್ತು.

ಗುಟ್ಟು ಒಡೆದರೆ ಏನಾಗುತ್ತದೆ? ಚಾರ್ಲ್ಸ್ ಮೌಂಟ್‌ಫರ್ಡ್ ಎಂಬ ಮಾನವಶಾಸ್ತ್ರಜ್ಞರಿಗೆ 1940ರಲ್ಲಿ ನಡುನಾಡಿನ ಪಿಚಂಚಜಾರ ಎಂಬ ಮೂಲನಿವಾಸಿ ಜನರ ಹಿರಿಯರು ವಿಶ್ವಾಸವಿಟ್ಟು ಕೆಲವು ಗಂಡಸರ ರಹಸ್ಯ ವಿಧಿಗಳನ್ನು ತಿಳಿಸಿದ್ದರು. 1976ರಲ್ಲಿ ಅವು ಚಿತ್ರ, ವಿವರಗಳ ಸಮೇತ ಪುಸ್ತಕದಲ್ಲಿ ಬಂದವು. ನೋಡಬಾರದವರು ಇದನ್ನು ನೋಡಿದರೆ ತಮ್ಮ ಸಮಾಜದ ಕಟ್ಟೇ ಮುರಿಯುತ್ತದೆ ಎಂದು ಆ ಜನ ನ್ಯಾಯಾಲಯಕ್ಕೆ ಹೋದರು. ನಂಬಿ ಹೇಳಿದ್ದನ್ನು ಬಹಿರಂಗ ಮಾಡುವಂತಿಲ್ಲ ಎಂಬ ನೆಲೆಯಲ್ಲಿ ಉತ್ತರ ಪ್ರಾಂತ್ಯದ ಸುಪ್ರೀಂ ಕೋರ್ಟ್ ಅಲ್ಲಿ ಪುಸ್ತಕದ ಮಾರಾಟ ತಡೆಯಿತು. ಹಿರಿಯರು ಮಾತಾಡಿದ್ದು ಒಬ್ಬರ ಜೊತೆ. ಅವರು ಒಪ್ಪಿಕೊಂಡದ್ದು ಆ ಒಬ್ಬರು ತಿಳಿಯುವುದನ್ನು ಮಾತ್ರ. ಹೇಳಿದ್ದಕ್ಕೂ ಹಂಚಲು ಒಪ್ಪಿದ್ದಕ್ಕೂ ಇರುವ ಈ ಅಂತರ ಇಡೀ ವಿಷಯದ ತಿರುಳು ಎಂದು ನನಗನಿಸುತ್ತದೆ.

ನೋಟಿನ ಮೇಲಿನ ಚಿತ್ರ, ಕಾಲಡಿಯ ಚಿತ್ರ

1966ರಲ್ಲಿ ಆಸ್ಟ್ರೇಲಿಯಾ ಹೊಸ ಒಂದು ಡಾಲರ್ ನೋಟು ತಂದಾಗ ಅದರ ಮೇಲೆ ಮರದ ತೊಗಟೆಯ ಮೇಲಿನ ಒಂದು ಚಿತ್ರವನ್ನು ಬಳಸಿತು. ಬರೆದವರನ್ನು ಯಾರೂ ಕೇಳಿರಲಿಲ್ಲ. ಬರೆದವರು ಆರ್ನ್‌ಹೆಮ್ ಲ್ಯಾಂಡಿನ ಡೇವಿಡ್ ಮಲಂಗಿ, ಚಿತ್ರ ಅವರ ಪೂರ್ವಜ ಬೇಟೆಗಾರನ ಅಂತ್ಯಕ್ರಿಯೆಯದು. ವಿಷಯ ಹೊರಬಿದ್ದ ಮೇಲೆ ರಿಸರ್ವ್ ಬ್ಯಾಂಕ್ ಅವರಿಗೆ 1,000 ಡಾಲರ್, ಒಂದು ಪದಕ ಮತ್ತು ಮೀನು ಹಿಡಿಯುವ ಸಲಕರಣೆಗಳನ್ನು ಕೊಟ್ಟಿತು.

1990ರ ದಶಕದಲ್ಲಿ ವಿಯೆಟ್ನಾಂನಲ್ಲಿ ನೇಯಿಸಿದ ರತ್ನಗಂಬಳಿಗಳು ಆಸ್ಟ್ರೇಲಿಯಾದ ಮಾರುಕಟ್ಟೆಗೆ ಬಂದವು. ಅವುಗಳ ಮೇಲಿದ್ದದ್ದು ಮೂಲನಿವಾಸಿ ಕಲಾವಿದರ ಪವಿತ್ರ ಚಿತ್ರಗಳು. ಜನ ಅವನ್ನು ತುಳಿದುಕೊಂಡು ಓಡಾಡುತ್ತಾರೆ ಎಂಬುದು ಕಲಾವಿದರಿಗೆ ಎಷ್ಟು ಸಂಕಟದ ಸಂಗತಿ ಎಂದು ನಮಗೆ ಬಿಡಿಸಿ ಹೇಳಬೇಕಿಲ್ಲ. 1994ರಲ್ಲಿ ಫೆಡರಲ್ ನ್ಯಾಯಾಲಯ ಕಲಾವಿದರ ಪರ ತೀರ್ಪು ಕೊಟ್ಟಿತು. ಪರಿಹಾರವನ್ನು ಅವರ ಪದ್ಧತಿಯಂತೆ ಹಂಚಿಕೊಳ್ಳಲು ಅನುಕೂಲವಾಗುವಂತೆ ಒಟ್ಟಿಗೆ ಕೊಡಿಸಿತು.

ಚಿತ್ರ ಬರೆಯುವ ಹಕ್ಕೂ ಸಾಮಾನ್ಯವಾಗಿ ಒಬ್ಬರದಲ್ಲ, ಕುಲದ್ದು. ಕಲಾವಿದನಿಗೆ ತನ್ನ ಜನರ ಕಡೆಗೆ ಹೊಣೆಯಿದೆ ಎಂಬುದನ್ನು 1998ರಲ್ಲಿ ಬುಲುನ್ ಬುಲುನ್ ಎಂಬ ಮೂಲನಿವಾಸಿ ಕಲಾವಿದರ ಪ್ರಕರಣದಲ್ಲಿ ನ್ಯಾಯಾಲಯವೂ ಎತ್ತಿಹೇಳಿತು. ಆದರೆ ಕಾಪಿರೈಟ್ ಕಾನೂನು ಗುರುತಿಸುವುದು ವ್ಯಕ್ತಿಯನ್ನು, ಅದೂ ಇಂತಿಷ್ಟು ವರ್ಷದವರೆಗೆ. ಸಾವಿರಾರು ವರ್ಷದಿಂದ ಕುಲವೊಂದು ಕಾಪಾಡಿಕೊಂಡು ಬಂದ ವಿನ್ಯಾಸ, ಔಷಧದ ಅರಿವು ಅದರ ಬಲೆಗೆ ಬೀಳುವುದಿಲ್ಲ. ಅಮೆರಿಕದಲ್ಲಿ ಅರಿಸಿನದ ಗಾಯ ಮಾಗಿಸುವ ಗುಣಕ್ಕೆ ಕೊಟ್ಟಿದ್ದ ಪೇಟೆಂಟನ್ನು ಭಾರತ ಹೋರಾಡಿ 1997ರಲ್ಲಿ ರದ್ದು ಮಾಡಿಸಿದ್ದನ್ನು ನೆನೆದರೆ ಸಮಸ್ಯೆಯ ಸ್ವರೂಪ ತಿಳಿಯುತ್ತದೆ. ನಮಗೆ ಹಳೆಯ ಗ್ರಂಥಗಳ ಪುರಾವೆ ಇತ್ತು. ಬಾಯಿಂದ ಬಾಯಿಗೆ ಬಂದ ಜ್ಞಾನಕ್ಕೆ, ಅದರಲ್ಲೂ ಬಹಿರಂಗ ಮಾಡಬಾರದ ಜ್ಞಾನಕ್ಕೆ, ಪುರಾವೆ ತೋರಿಸುವುದೇ ಕಷ್ಟ. ವಿಶ್ವಸಂಸ್ಥೆಯ 2007ರ ಮೂಲನಿವಾಸಿ ಹಕ್ಕುಗಳ ಘೋಷಣೆ ಇಂಥ ಅರಿವಿನ ಮೇಲೆ ಆ ಜನರಿಗೇ ಹಕ್ಕಿದೆ ಎನ್ನುತ್ತದೆ. ಆಸ್ಟ್ರೇಲಿಯಾ ಮೊದಲು ಅದರ ವಿರುದ್ಧ ಮತ ಹಾಕಿ, 2009ರಲ್ಲಿ ಬೆಂಬಲ ಸೂಚಿಸಿತು.

ಕಾನೂನಿನ ಒಪ್ಪಿಗೆ ಇದ್ದರೆ ಸಾಲದು ಎಂಬುದು 2020ರ ಮೇ 24ರಂದು ಸ್ಪಷ್ಟವಾಯಿತು. ಪಶ್ಚಿಮ ಆಸ್ಟ್ರೇಲಿಯಾದ ಜೂಕನ್ ಕಣಿವೆಯಲ್ಲಿ 46,000 ವರ್ಷ ಹಿಂದಿನಿಂದ ಜನರಿದ್ದ ಕುರುಹುಳ್ಳ ಕಲ್ಲಾಸರೆಯನ್ನು ರಿಯೊ ಟಿಂಟೊ ಕಂಪನಿ ಕಬ್ಬಿಣದ ಅದಿರಿಗಾಗಿ ಸಿಡಿಸಿತು. ಅದಕ್ಕೆ ರಾಜ್ಯದ ಕಾಯಿದೆಯಡಿ ಅನುಮತಿ ಸಿಕ್ಕಿತ್ತು. ಪಾರಂಪರಿಕ ಒಡೆಯರ ವಿರೋಧ ಅದನ್ನು ತಡೆಯಲಾಗಲಿಲ್ಲ.

ಸ್ವಾಗತ ಬೇರೆ, ಸ್ಮರಣೆ ಬೇರೆ

ಆಸ್ಟ್ರೇಲಿಯಾದ ಸಭೆಗಳಲ್ಲಿ ಎರಡು ಕ್ರಮಗಳಿವೆ. ‘ವೆಲ್ಕಮ್ ಟು ಕಂಟ್ರಿ’ ಎಂದರೆ ಆ ನೆಲದ ಜನರೇ, ಸಾಮಾನ್ಯವಾಗಿ ಅವರ ಹಿರಿಯರೊಬ್ಬರು, ಬಂದವರನ್ನು ತಮ್ಮ ನೆಲಕ್ಕೆ ಬರಮಾಡಿಕೊಳ್ಳುವುದು. ಮಾತು, ಹಾಡು, ಕುಣಿತ, ಹಸಿ ಎಲೆಯ ಹೊಗೆ ಹೀಗೆ ಹಲವು ಬಗೆ. ಇದನ್ನು ಬೇರೆ ಯಾರೂ ಮಾಡುವಂತಿಲ್ಲ. ಬೇರೆ ಪ್ರದೇಶದ ಮೂಲನಿವಾಸಿಯೂ ಮಾಡುವಂತಿಲ್ಲ. ‘ಅಕ್ನಾಲೆಜ್‌ಮೆಂಟ್ ಆಫ್ ಕಂಟ್ರಿ’ ಎಂದರೆ ಸ್ಮರಣೆ, ಯಾರು ಬೇಕಾದರೂ ಹೇಳಬಹುದು. ನಿಂತಿರುವ ನೆಲ ಯಾರದೆಂದು ತಿಳಿದುಕೊಂಡು ಹೆಸರು ಸರಿಯಾಗಿ ಉಚ್ಚರಿಸಿ ಹೇಳಿದರೆ ಅದಕ್ಕೆ ಅರ್ಥ ಬರುತ್ತದೆ. ಕನ್ನಡ ಕಾರ್ಯಕ್ರಮವಾದರೆ ಕನ್ನಡದಲ್ಲೇ ಹೇಳಲು ಅಡ್ಡಿಯಿಲ್ಲ.

ಅತಿಥಿಯನ್ನು ತಮ್ಮ ನೆಲಕ್ಕೆ ಬರಮಾಡಿಕೊಳ್ಳುವುದು ಹಳೆಯ ಪದ್ಧತಿ. ವೇದಿಕೆಯ ಮೇಲಿನ ಇಂದಿನ ರೂಪಕ್ಕೆ 1976ರ ಪರ್ತ್ ಕಾರ್ಯಕ್ರಮವೊಂದು ನಾಂದಿ ಎಂದು ಹಲವರು ಹೇಳುತ್ತಾರೆ. ಪೆಸಿಫಿಕ್ ದ್ವೀಪಗಳಿಂದ ಬಂದ ನೃತ್ಯಗಾರರು ನೆಲದವರು ಸ್ವಾಗತಿಸದೆ ತಾವು ಕುಣಿಯುವುದಿಲ್ಲ ಎಂದಾಗ ಮೂಲನಿವಾಸಿ ಕಲಾವಿದರಾದ ರಿಚರ್ಡ್ ವಾಲಿ ಮತ್ತು ಅರ್ನಿ ಡಿಂಗೊ ಅವರನ್ನು ಬರಮಾಡಿಕೊಂಡರು.

ಕಲಿಯುವವರು, ಹಂಚುವವರು ಏನು ಮಾಡಬೇಕು?

ಮೊದಲು, ಜಾಗ ಯಾರದೆಂದು ತಿಳಿಯಿರಿ. ಕ್ಯಾನ್‌ಬೆರಾದಲ್ಲಿ 1964ರಲ್ಲಿ ಆರಂಭವಾದ ಮೂಲನಿವಾಸಿ ಅಧ್ಯಯನ ಸಂಸ್ಥೆ, ಆಯಟ್‌ಸಿಸ್ ಎಂದು ಕರೆಯುವುದು, ಭಾಷೆ ಮತ್ತು ಜನರ ನಕ್ಷೆಯೊಂದನ್ನು ಪ್ರಕಟಿಸಿದೆ. ಆ ಕಡೆಯ ಮೂಲನಿವಾಸಿಗಳ ಜಮೀನಿನ ವಿಷಯ ನೋಡಿಕೊಳ್ಳುವ ಲ್ಯಾಂಡ್ ಕೌನ್ಸಿಲ್, ಭಾಷಾ ಕೇಂದ್ರ, ಮೂಲನಿವಾಸಿಗಳೇ ನಡೆಸುವ ಪ್ರವಾಸ, ಮ್ಯೂಸಿಯಂಗಳು ಮುಂದಿನ ಮೆಟ್ಟಿಲು. ಉತ್ತರ ಪ್ರಾಂತ್ಯದಲ್ಲಿ ಮೂಲನಿವಾಸಿಗಳ ಜಮೀನಿಗೆ ಕಾಲಿಡಲು ಪರವಾನಗಿ ಬೇಕು ಎಂಬುದೂ ಗೊತ್ತಿರಲಿ.

ಹೇಳಲು ಸಿದ್ಧರಿರುವವರ ಬಳಿ ಕೇಳಿ. ಕಚೇರಿಯಲ್ಲಿ ಪಕ್ಕದಲ್ಲಿ ಕೂರುವ ಮೂಲನಿವಾಸಿ ಸಹೋದ್ಯೋಗಿ ತಮ್ಮ ಪರಂಪರೆಯ ಮೇಷ್ಟರಾಗಬೇಕೆಂದೇನಿಲ್ಲ. 20ನೆಯ ಶತಮಾನದ ಬಹುಕಾಲ ಸರ್ಕಾರ ಮತ್ತು ಮಿಷನ್‌ಗಳು ಮೂಲನಿವಾಸಿ ಮಕ್ಕಳನ್ನು ಮನೆಗಳಿಂದ ಕಿತ್ತು ಬೇರೆಡೆ ಬೆಳೆಸಿದವು. 2008ರ ಫೆಬ್ರುವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಇದಕ್ಕಾಗಿ ಕ್ಷಮೆ ಕೇಳಿದರು. ಹಾಗೆ ಕಳೆದುಹೋದ ಮನೆತನದವರ ಬಳಿ ‘ನಿಮ್ಮ ಕಥೆ ಹೇಳಿ’ ಎಂದರೆ ಅದು ಗಾಯ ಕೆದಕಿದಂತೆ.

ಕೇಳಿದ್ದನ್ನು ಹಂಚುವ ಮುನ್ನ ಮತ್ತೊಮ್ಮೆ ಒಪ್ಪಿಗೆ ಪಡೆಯಿರಿ: ಎಲ್ಲಿ ಹಾಕುತ್ತೀರಿ, ಯಾರು ನೋಡುತ್ತಾರೆ, ಹಣ ಬಂದರೆ ಯಾರಿಗೆ ಎಂಬುದನ್ನು ಬಾಯಿಬಿಟ್ಟು ಹೇಳಿ. ಯಾವ ಜನರ, ಯಾರು ಹೇಳಿದ ಮಾತು ಎಂದು ಹೆಸರಿಸಿ. ಕಥೆಯನ್ನು ನಿಮ್ಮ ರುಚಿಗೆ ತಿದ್ದಬೇಡಿ. ಚುಕ್ಕಿ ಚಿತ್ರವನ್ನು ನೋಡಿಕೊಂಡು ಮಕ್ಕಳ ಕೈಲಿ ಹಾಗೇ ಬರೆಸುವುದಕ್ಕಿಂತ, ಆ ಚಿತ್ರ ಬರೆದವರು ಯಾರು, ಯಾವ ನೆಲದವರು ಎಂದು ಮಕ್ಕಳಿಂದ ಹುಡುಕಿಸುವುದು ಒಳ್ಳೆಯ ಪಾಠ. ನೆನಪಿನ ಕಾಣಿಕೆ ಕೊಳ್ಳುವಾಗ ಕಲಾವಿದರ ಹೆಸರು, ಊರು ಕೇಳಿ. ಈ ಮಾರುಕಟ್ಟೆಯಲ್ಲಿ ನಕಲಿ ಮಾಲೇ ಹೆಚ್ಚು ಎಂದು 2022ರ ಸರ್ಕಾರಿ ವರದಿಯೇ ಹೇಳಿದೆ. ತೀರಿಕೊಂಡವರ ಹೆಸರು, ಚಿತ್ರ, ದನಿಯನ್ನು ಹಲವು ಸಮುದಾಯಗಳಲ್ಲಿ ಕೆಲಕಾಲ ಬಳಸುವುದಿಲ್ಲ. ಅಲ್ಲಿನ ಟಿವಿ ಕಾರ್ಯಕ್ರಮಗಳ ಆರಂಭದಲ್ಲಿ ಬರುವ ಎಚ್ಚರಿಕೆ ಅದಕ್ಕಾಗಿಯೇ. ನೀವು ಹಾಕಿದ ವಿಡಿಯೊ ತೆಗೆಯಿರಿ ಎಂದು ಮನೆಯವರು ಕೇಳಿದರೆ ತೆಗೆಯಬೇಕು.

ಉತ್ತರ ತಡವಾಗಬಹುದು. ಒಪ್ಪಿಗೆ ಕೊಡುವುದು ಹಲವು ಹಿರಿಯರು ಕೂತು ಮಾತಾಡಿ ತೀರ್ಮಾನಿಸುವ ವಿಷಯ. ನಡುವೆ ಯಾರಾದರೂ ತೀರಿಕೊಂಡರೆ ‘ಸಾರಿ ಬಿಸಿನೆಸ್’, ಅಂದರೆ ಸಾವಿನ ಕಾರ್ಯಗಳು ಮುಗಿಯುವವರೆಗೆ ಬೇರೆಲ್ಲ ಕೆಲಸ ನಿಲ್ಲುತ್ತದೆ. ಆಗ ಫೋನಿನ ಮೇಲೆ ಫೋನು ಮಾಡದೆ ನಮ್ಮ ದಿನಾಂಕವನ್ನೇ ಮುಂದೆ ಹಾಕಿಕೊಳ್ಳಬೇಕು. ಬೇಡ ಎಂಬ ಉತ್ತರ ಬಂದರೆ ಕಾರಣ ಕೇಳಬೇಕಿಲ್ಲ. ಕಾರಣವೂ ಹೇಳಬಾರದ ವಿಷಯವೇ ಆಗಿರಬಹುದು.